ಎರಡನೇ ಡಿಸ್ಕು

ಮುನಿರ್ಕಾ, ದೆಹಲಿ
12 ಜುಲೈ 2003

ಲೇ ಮಹಂತೇಶ,

ಬಂದು ಮೂರು ತಿಂಗಳಾದ್ಮೇಲೆ ಬರೀತಿದೀನಿ, ಬೈಬೇಡ. ಮೊದ್ಲು ಆರ್.ಕೆ.ಪುರಂನಲ್ಲಿ ತಿಪ್ಪೇಸ್ವಾಮಿ ಮಾವನ ಕ್ವಾರ್ಟರ್ಸಲ್ಲಿದ್ದೆ. ಮಾವ ಸೆಂಟ್ರಲ್ ಗೌರ್ಮೆಂಟ್ ಕ್ಲರ್ಕು. ಮನೇಲಿ ಸುಮ್ನೆ ಕೂತಿರೋನನ್ನ ನೋಡಿದ್ರೆ ಅವರಿಗೆ ಟೇಬಲ್ ಮೇಲೆ ಫೈಲು ಕೊಳೀತಿರೋ ಹಂಗೆ ಆಗುತ್ತೆ. ಹತ್ತನೇ ಕ್ಲಾಸಿಗೆ ಓದು ಬಿಟ್ಟೋನಿಗೆ ಕೆಲ್ಸ ಹುಡುಕಿ ಹುಡುಕಿ, ಕೊನೆಗೆ ಮುನಿರ್ಕಾದ ಒಂದು ಸಿ.ಡಿ. ಬಾಡಿಗೆ ಅಂಗಡಿಗೆ ಸೇರಿಸಿದ್ರು. ಸಂದೀಲಿ ಸಂದಿ, ಅದರೊಳಗೊಂದು ಸಂದಿ, ಅಲ್ಲಿದೆ ಅಂಗಡಿ. ಮೇಲೇ ಒಂದು ರೂಮು, ಅಲ್ಲೇ ನಾನು. ಸುತ್ತ ಎಲ್ಲಾ ಯೂನಿವರ್ಸಿಟಿ ಹುಡುಗ್ರು ಬಾಡಿಗೆಗಿದಾರೆ.

ನಂಗೆ ಹೇಳಿ ಮಾಡಿಸಿದ ಕೆಲ್ಸ ಕಣೋ. ಬೆಳಗಿಂದ ಸಾಯಂಕಾಲ ಫೈಟ್ ಪಿಚ್ಚರ್ ನೋಡೋದು! ಇಲ್ಲಿ ಒಂದು ಮಜಾ ಇದೆ. ಒಂದು ಪಿಚ್ಚರ್‌ಗೆ ಎರಡು ಡಿಸ್ಕು ಇರುತ್ತಲ್ಲ, ಫೈಟ್ ಪಿಚ್ಚರ್ ಒಯ್ಯೋ ಹುಡುಗ್ರು ಮೊದಲನೇದು ಮುಟ್ಟೋದೇ ಇಲ್ಲ. "ಭಯ್ಯಾ, ದೂಸ್ರಾ ವಾಲಾ ದೇ ದೋ" ಅಷ್ಟೇ. ಮೊದಲನೇದ್ರಲ್ಲಿ ಬರೀ ಕಥೆ, ಎರಡನೇದ್ರಲ್ಲಿ ಫೈಟು. ಹಂಗಾಗಿ ಮೊದಲನೇವು ಕನ್ನಡಿ ಥರ ಹೊಳೀತಿರ್ತವೆ, ಎರಡನೇವು ಗೀರು ಬಿದ್ದು ಸತ್ತಿರ್ತವೆ.

ಇದರ ಜೊತೆ ಒಂದು ಪಿಚ್ಚರ್‌ದು ಎರಡನೇ ಡಿಸ್ಕ್ ಕಳಿಸ್ತಿದೀನಿ, ಅಂಗಡೀಲಿ ಇನ್ನೊಂದು ಕಾಪಿ ಇದೆ. ಹೆಸರು ಚೀನೀ ಅಕ್ಷರದಲ್ಲಿದೆ, ಯಾರಿಗೂ ಓದಕ್ಕೆ ಬರಲ್ಲ, ನಾವು ಬಿದಿರು ಸೇತುವೆ ಪಿಚ್ಚರ್ ಅಂತೀವಿ. ಸೇತುವೆ ಮೇಲಿನ ಫೈಟ್ ನೋಡು. ನಾಲ್ಕು ನಿಮಿಷ, ಒಂದೇ ಒಂದು ಕಟ್ ಇಲ್ಲ. ಬೇರೆ ಪಿಚ್ಚರಲ್ಲಿ ಒದೆಯೋಕೆ ಮುಂಚೆ ಮುಖ ತೋರಿಸ್ತಾರೆ, ಒದ್ದಮೇಲೆ ಮುಖ ತೋರಿಸ್ತಾರೆ, ಒದ್ದಿದ್ದೇ ಕಾಣ್ಸಲ್ಲ. ಇಲ್ಲಿ ಕ್ಯಾಮೆರಾ ದೂರ ನಿಂತು ಇಬ್ಬರನ್ನೂ ತಲೆಯಿಂದ ಕಾಲಿನ ತನಕ ತೋರ್ಸುತ್ತೆ.

ಯಶವಂತ್ ಅಂತ ಒಬ್ಬ ಬರ್ತಾನೆ, ನಮ್ಮ ದಾವಣಗೆರೆ ಕಡೆಯವ್ನು, ಇಲ್ಲಿ ಎಂ.ಫಿಲ್ ಓದ್ತಿದಾನೆ. ನಾವು ಊರಲ್ಲಿ ಕರಾಟೆ ಡೆಮೋ ಕೊಡ್ತಿದ್ವಿ ಅಂದಿದ್ದಕ್ಕೆ, "ಸ್ಟೇಜ್ ಮೇಲೆ ನಿಜವಾಗ್ಲೂ ಪೆಟ್ಟು ಬೀಳಲ್ವಾ?" ಅಂದ. ನಮ್ಮ ಕೇಶವಮೂರ್ತಿ ಮಾಸ್ಟರ್ ಪದ್ಧತಿ ಹೇಳ್ದೆ. ಬೀಳೋನು ತಯಾರಾದ್ಮೇಲೆ ಎಡಗಾಲು ನೆಲಕ್ಕೆ ತಟ್ತಾನೆ, ಆ ತಟ್ಟು ಕೇಳೋ ತನಕ ಹೊಡೆಯೋನು ಕಾಲು ಎತ್ತೋ ಹಂಗಿಲ್ಲ ಅಂತ. "ಆರು ವರ್ಷ ನಾನು ಹೊಡೆಯೋನು, ನನ್ ಫ್ರೆಂಡ್ ಬೀಳೋನು" ಅಂದೆ. ಅವನಿಗೆ ತುಂಬಾ ಇಷ್ಟ ಆಯ್ತು.

ಮಂಡಿ ಹೆಂಗಿದೆ? ಫೆಬ್ರವರಿ ಡೆಮೋ ಆಗಿ ಐದು ತಿಂಗಳಾಯ್ತು, ಸರಿ ಹೋಗಿರ್ಬೇಕು. ನೀನೂ ಅಷ್ಟೇ ಕಣೋ, ತಟ್ಟಿದ್ಮೇಲೆ ಅಲ್ಲಾಡ್ಬಾರ್ದಿತ್ತು. ಆಗಿದ್ದಾಯ್ತು ಬಿಡು.

ನಿನ್ನ
ಯೋಗೀಶ


ಹರಿಹರ
2 ಆಗಸ್ಟ್ 2003

ಯೋಗಿ,

ಡಿಸ್ಕ್ ಬಂತು. ಪೋಸ್ಟ್‌ಮ್ಯಾನ್ ಎರಡು ಸಲ ಅಲ್ಲಾಡಿಸಿ ನೋಡಿ ಕೊಟ್ಟ. ಲೀಲಾವತಿ ಅತ್ತೆ ಮನೇಲಿ ಪ್ಲೇಯರ್ ಇದೆ, ಅಲ್ಲಿ ಹಾಕಿದ್ವಿ. ಅತ್ತೆ ಬೆಳ್ಳುಳ್ಳಿ ಬಿಡಿಸ್ಕೊಂಡು ನೋಡ್ತಿದ್ರು.

ಸೇತುವೆ ಫೈಟ್ ನೀನು ಹೇಳ್ದಂಗೇ ಇದೆ. ಮೂರು ಸಲ ನೋಡ್ದೆ. ಆದ್ರೆ ಹೀರೋ ಆ ನೀಲಿ ಅಂಗಿ ಸಣಕಲನನ್ನ ಒದ್ದು ಹೊಳೆಗೆ ಬೀಳಿಸ್ತಾನಲ್ಲ, ಅತ್ತೆ ಕೇಳಿದ್ರು, "ಅವ್ನು ಏನ್ ಮಾಡಿದ್ದನಪ್ಪಾ ಇವ್ನಿಗೆ?" ನಂಗೆ ಗೊತ್ತಿಲ್ಲ ಅಂದೆ. "ಗೊತ್ತಿಲ್ದೇನೇ ಇಷ್ಟು ಖುಷಿಯಾಗಿ ನೋಡ್ತಿದೀಯಲ್ಲೋ" ಅಂದ್ರು.

ಅವರು ಹೇಳಿದ್ದು ನಿಜ. ಯಾರು ಮೊದ್ಲು ಏನ್ ಮಾಡಿದ್ರು ಅಂತ ಗೊತ್ತಾಗ್ದೆ ಹೆಂಗೆ ನೋಡೋದು? ಮೊದಲನೇ ಡಿಸ್ಕ್ ಕಳ್ಸು.

ಮಂಡಿ ಪರವಾಗಿಲ್ಲ. ದೇವೇಂದ್ರಪ್ಪನವರ ಟೈಲರ್ ಅಂಗಡೀಲಿ ಕಾಜಾ ಹಾಕಕ್ಕೆ ಹೋಗ್ತಿದೀನಿ. ಕೂತ್ಕೊಂಡು ಮಾಡೋ ಕೆಲ್ಸ.

ಮಹಂತೇಶ


ಮುನಿರ್ಕಾ
24 ಆಗಸ್ಟ್ 2003

ಮಹಂತೇಶ,

ಕಾಜಾನಾ? ನೀನಾ? ಮಾಸ್ಟರ್‌ಗೆ ಕ್ಲಾಸಿಗೆ ಆಳು ಬೇಕಲ್ಲ, ಚಿಕ್ಕ ಮಕ್ಕಳ ಬ್ಯಾಚ್ ನಿಂಗೇ ಕೊಡ್ತಾರೆ ಅನ್ಕೊಂಡಿದ್ದೆ. ಸೋಮಾರಿತನ ಮಾಡ್ಬೇಡ, ಹೋಗಿ ಕೇಳು.

ಮೊದಲನೇ ಡಿಸ್ಕ್‌ನಲ್ಲಿ ಏನೂ ಇಲ್ಲ ಮಾರಾಯ. ಊರ ಗಂಟೆ ಕಳುವಾಗುತ್ತೆ, ಹೀರೋ ಹುಡುಕಕ್ಕೆ ಹೊರಡ್ತಾನೆ, ಅವನಿಗೊಬ್ಬ ತಂಗಿ ಇರ್ತಾಳೆ, ಅರ್ಧದಲ್ಲಿ ಎಲ್ಲೋ ಹೋಗ್ತಾಳೆ, ಕೊನೆ ತನಕ ಯಾರೂ ಅವಳನ್ನ ಕೇಳಲ್ಲ. ಅಷ್ಟೇ ಕಥೆ. ನಾನೂ ಓಡಿಸ್ಕೊಂಡೇ ನೋಡಿದ್ದು.

ಇದೇ ವಿಷಯಕ್ಕೆ ಯಶವಂತ್ ಜೊತೆ ಅಂಗಡೀಲಿ ಜಗಳ ಆಯ್ತು. ಅವನು, "ಕಥೆ ಕೆಟ್ಟದಾಗಿದ್ರೆ ಪಿಚ್ಚರ್ ಕೆಟ್ಟದ್ದೇ, ಎಷ್ಟು ಫೈಟ್ ಇಟ್ರೂ ಅಷ್ಟೇ" ಅಂದ. ನಾನು, "ಕಥೆ ಅನ್ನೋದು ಬಟ್ಟೆ ಒಣಗ್ಹಾಕೋ ಹಗ್ಗ. ಹಗ್ಗ ಹೆಂಗಿದ್ರೇನು, ಬಟ್ಟೆ ನೋಡು" ಅಂದೆ. "ಹಗ್ಗ ಹರಿದ್ರೆ ಬಟ್ಟೆ ಮಣ್ಣಿಗೆ ಬೀಳುತ್ತಲ್ಲಪ್ಪ" ಅಂದ. ಎಂ.ಫಿಲ್ ಅಲ್ವಾ, ಮಾತಲ್ಲಿ ಒದೀತಾನೆ. ಓನರ್ ಭಯ್ಯಾಗೆ ನಮ್ಮ ಕನ್ನಡ ಅರ್ಥ ಆಗ್ದೆ, "ಅರೆ, ಮಾರಪೀಟ್ ಮತ್ ಕರೋ" ಅಂತ ಮಧ್ಯ ಬಂದ.

ನಂಗೇನ್ ಅನ್ಸುತ್ತೆ ಅಂದ್ರೆ, ಆ ನಾಲ್ಕು ನಿಮಿಷಕ್ಕೆ ಆ ಜನ ಎಷ್ಟು ತಿಂಗಳು ಬೆವರು ಸುರಿಸಿರ್ತಾರೆ. ಅದು ಸುಳ್ಳಲ್ಲ. ಕಥೆ ಬರೆದೋನು ಪೆದ್ದ ಅಂತ ಅವರ ಬೆವರು ಯಾಕೆ ಚರಂಡಿಗೆ ಹೋಗ್ಬೇಕು?

ಈಗ ಮುಖ್ಯ ವಿಷಯ. ಸರೋಜಿನಿ ನಗರದಲ್ಲಿ ಕಮ್ಯುನಿಟಿ ಹಾಲ್ ಒಂದಿದೆ. ಅಲ್ಲಿ ಕ್ವಾರ್ಟರ್ಸ್ ಮಕ್ಕಳಿಗೆ ಕರಾಟೆ ಹೇಳ್ಕೊಡೋನು ಬೇಕಂತೆ. ಮಾವನ ಮನೆಯ ಶೈಲಜಾ ಅತ್ತೆ ಅಲ್ಲಿಯ ಸೆಕ್ರೆಟರಿ ಹೆಂಡ್ತಿ ಹತ್ರ ಮಾತಾಡಿದಾರೆ. ಹೋಗಿ ನಾಲ್ಕು ಒದೆತ ತೋರ್ಸಿದೆ, ಇಷ್ಟ ಆಯ್ತು. ಆದ್ರೆ ಕಲಿಸಿದ ಗುರುವಿನ ಕಾಗದ ಬೇಕಂತೆ. ಮಾಸ್ಟರ್‌ಗೆ ನಾನೇ ಬರಿಯೋಣ ಅಂದ್ರೆ ಕೈ ಬರಲ್ಲ. ಹೇಳ್ದೆ ಕೇಳ್ದೆ ದೆಹಲಿಗೆ ಬಂದ್ಬಿಟ್ಟೆ. ನೀನೇ ಹೋಗಿ ಕೇಳಿ ಬರೆಸಿ ಕಳ್ಸೋ. ನಿನ್ ಮಾತು ತೆಗೆದ್ಹಾಕಲ್ಲ ಅವರು.

ಈ ಕೆಲ್ಸ ಸಿಕ್ಕಿದ್ರೆ ನಾನು ಮನುಷ್ಯ ಆಗ್ತೀನಿ ಕಣೋ.

ಯೋಗೀಶ


ಹರಿಹರ
30 ಸೆಪ್ಟೆಂಬರ್ 2003

ಯೋಗಿ,

ಕಾಗದ ಇದರೊಳಗಿದೆ. ಮೂರು ಸಲ ಹೋಗಬೇಕಾಯ್ತು. ಮೊದಲ ಎರಡು ಸಲ ಮಾಸ್ಟರ್ ನನ್ನ ಜೊತೆ ಮಾತಾಡ್ಲಿಲ್ಲ. ಮೂರನೇ ಸಲ, "ನಿನಗೋಸ್ಕರ ಬಂದಿದ್ದರೆ ವಾಪಸ್ ಕಳಿಸ್ತಿದ್ದೆ, ಅವನಿಗೋಸ್ಕರ ಅಂತೀಯ, ಕೂತ್ಕೋ" ಅಂತ ಬರೆದ್ರು. ಬರೆದಿದ್ದನ್ನ ನನ್ನ ಮುಂದೆ ಜೋರಾಗಿ ಓದಿದ್ರು. ಚೆನ್ನಾಗಿ ಬರೆದಿದಾರೆ.

ಒಂದನೇ ಡಿಸ್ಕ್ ಮರೀಬೇಡ.

ಮಹಂತೇಶ


ಮುನಿರ್ಕಾ
19 ಅಕ್ಟೋಬರ್ 2003

ಮಹಂತೇಶ,

ಕೆಲ್ಸ ಆಯ್ತು! ಮಾರ್ಚ್ ಒಂದನೇ ತಾರೀಕಿಂದ. ಚಳಿಗಾಲ ಮುಗಿದ್ಮೇಲೇ ಹೊಸ ಬ್ಯಾಚ್ ಮಾಡ್ತಾರಂತೆ.

ಮಾಸ್ಟರ್ ಕಾಗದ ಕನ್ನಡದಲ್ಲಿತ್ತಲ್ಲ, ತಿಪ್ಪೇಸ್ವಾಮಿ ಮಾವ ಅದನ್ನ ಇಂಗ್ಲಿಷಿಗೆ ಟೈಪ್ ಮಾಡಕ್ಕೆ ಕೂತ್ರು. ಕನ್ನಡಕ ಹಾಕ್ಕೊಂಡು ಒಂದೊಂದೇ ಸಾಲು ಓದ್ತಾರೆ. "ಯೋಗೀಶ ನನ್ನ ಹತ್ತಿರ ಆರು ವರ್ಷ ಕಲಿತವನು. ಒದೆತದಲ್ಲಿ ಬಲ ಇದೆ. ಅದಕ್ಕಿಂತ ದೊಡ್ಡದು, ಜೊತೆಗಾರನ ಕಾಲು ನೆಲ ತಟ್ಟುವ ತನಕ ಇವನ ಕಾಲು ಏಳುವುದಿಲ್ಲ. ಮಕ್ಕಳನ್ನು ಇವನ ಕೈಗೆ ಧೈರ್ಯವಾಗಿ ಒಪ್ಪಿಸಬಹುದು." ಮಾವ ಓದೋದು ಅಲ್ಲಿಗೆ ನಿಲ್ಲಿಸಿದ್ರು. "ಇದೇನೋ, ಕಾಲು ನೆಲ ತಟ್ಟೋದು? ಇದನ್ನ ಇಂಗ್ಲಿಷಲ್ಲಿ ಹೆಂಗೆ ಬರೀಲಿ?" ಬಿಟ್ಬಿಡಿ ಮಾವ ಅಂದೆ. "ಬಿಡೋಕಾಗಲ್ಲ, ಟ್ರೂ ಕಾಪಿ ಅಂತ ಸೈನ್ ಹಾಕೋನು ನಾನು" ಅಂದ್ರು. ಕೊನೆಗೆ ಎದ್ದು ನಿಂತು ಮಾಡಿ ತೋರಿಸ್ದೆ. ನಾನೇ ಬೀಳೋನು, ನಾನೇ ತಟ್ಟೋನು. ಸರಿಯಾಗಿ ಬರ್ಲಿಲ್ಲ. ಆರು ವರ್ಷದಲ್ಲಿ ಒಂದ್ಸಲಾನೂ ನಾನು ಆ ಕಡೆ ನಿಂತಿರ್ಲಿಲ್ಲ ಅಂತ ಆಗ ಗೊತ್ತಾಯ್ತು.

ಮಾವನ ಮಗಳು ಹರ್ಷಿಣಿ ಕಾಲೇಜಲ್ಲಿದಾಳೆ, ಕನ್ನಡ ಅರ್ಥ ಆಗುತ್ತೆ, ಮಾತು ಅರ್ಧ ಹಿಂದಿ. ಭಾನುವಾರ ಅವಳಿಗೆ ಸೇತುವೆ ಫೈಟ್ ಹಾಕಿ ತೋರಿಸ್ದೆ. "ಯೋಗಿ ಭಯ್ಯಾ, ಕಹಾನಿ ತೋ ಬಕವಾಸ್ ಹೈ" ಅಂದ್ಲು. ಕಥೆ ಬಿಡು, ಫೈಟ್ ನೋಡು ಅಂದೆ. ನೋಡಿ, "ಅಚ್ಛಾ, ಈ ನೀಲಿ ಶರ್ಟ್‌ದು ಹೆಸರೇನು? ಅಸಲೀ ಕೆಲ್ಸ ತೋ ಇವನೇ ಮಾಡ್ತಿದಾನಲ್ಲ. ಆ ಹೀರೋ ತೋ ಬರೀ ಕಾಲು ಎತ್ತುತಾನೆ" ಅಂದ್ಲು.

ನಂಗೆ ಸಿಟ್ಟು ಬಂತು. ಆದ್ರೆ ಸೋಮವಾರ ಅಂಗಡೀಲಿ ಗಿರಾಕಿ ಇಲ್ದಾಗ, ಹೀರೋನ ಬಿಟ್ಟು ಬೀಳೋನನ್ನೇ ನೋಡ್ದೆ. ಮಹಂತೇಶ, ಅವ್ನೂ ತಟ್ತಾನೆ ಕಣೋ! ನಿನ್ ಥರಾನೇ! ಪ್ರತಿ ಒದೆತಕ್ಕೂ ಮುಂಚೆ ಹಿಂಗಾಲು ಬಿದಿರಿಗೆ ತಟ್ತಾನೆ. ಮ್ಯೂಸಿಕ್ ಜೋರಿದೆ, ಸದ್ದು ಕೇಳ್ಸಲ್ಲ, ಕಣ್ಣಲ್ಲಿ ನೋಡ್ಬೇಕು. ನಿಲ್ಲಿಸಿ ನಿಲ್ಲಿಸಿ ಎಣಿಸ್ದೆ. ಇಪ್ಪತ್ಮೂರು ಒದೆತ, ಇಪ್ಪತ್ತೆರಡು ತಟ್ಟು.

ಒಂದು ಕಡೆ ತಟ್ಟಿಲ್ಲ. ಕೊನೇದು. ಅವ್ನು ಬಿದಿರು ಮೇಲೆ ಇನ್ನೂ ಕಾಲು ಊರ್ತಿರ್ತಾನೆ, ಅಷ್ಟ್ರಲ್ಲಿ ಒದೆತ ಬರುತ್ತೆ. ಹೊಳೆಗೆ ಬೀಳುವಾಗ ಅವನ ಮುಖ ಆಕ್ಟಿಂಗ್ ಮುಖ ಅಲ್ಲ. ಇಷ್ಟು ದಿನ ಅದೇ ಒದೆತ ಬೆಸ್ಟ್ ಅಂತ ಎಲ್ಲಾರಿಗೂ ಹಾಕಿ ಹಾಕಿ ತೋರಿಸ್ತಿದ್ದೆ.

ಗಿರಾಕಿ ಬಂದ್ರು. ಇಲ್ಲಿಗೆ ನಿಲ್ಲಿಸ್ತೀನಿ.

ಯೋಗೀಶ


ಮುನಿರ್ಕಾ
8 ಡಿಸೆಂಬರ್ 2003

ಮಹಂತೇಶ,

ಕಾಗದ ಬರ್ಲಿಲ್ಲ. ದೀಪಾವಳಿಗೂ ಬರ್ಲಿಲ್ಲ. ಅಂಚೆಯವರು ಕಳೆದ್ರೇನೋ.

ಇಲ್ಲಿ ಮಂಜು ಶುರುವಾಗಿದೆ, ಎದುರಿಗಿರೋ ನೀರಿನ ಟ್ಯಾಂಕರ್ ಕಾಣಲ್ಲ. ಯಶವಂತ್ ರಜಕ್ಕೆ ಊರಿಗೆ ಬರ್ತಿದಾನೆ. ಅವನ ಕೈಲಿ ಮೊದಲನೇ ಡಿಸ್ಕ್ ಕಳಿಸಿದೀನಿ. ಹರಿಹರಕ್ಕೆ ಬಂದು ಕೊಡ್ತಾನೆ. ಕಥೆ ಕೆಟ್ಟದಾಗಿದೆ ಅಂತ ಮತ್ತೆ ನನ್ನ ಬೈಬೇಡ, ಮೊದ್ಲೇ ಹೇಳಿದೀನಿ.

ಕ್ಲಾಸಿಗೆ ರೆಡಿ ಆಗ್ತಿದೀನಿ. ಟೆರೇಸ್ ಮೇಲೆ ಒಬ್ಬನೇ ಪ್ರಾಕ್ಟೀಸ್ ಮಾಡ್ತೀನಿ. ಒಬ್ಬನೇ ಮಾಡೋದು ಕಷ್ಟ. ಎದುರಿಗೆ ಯಾರೂ ತಟ್ಟಲ್ಲ, ಯಾವಾಗ ಶುರು ಮಾಡ್ಬೇಕು ಅಂತ ಗೊತ್ತಾಗಲ್ಲ.

ಒಂದು ಸಾಲಾದ್ರೂ ಬರಿ.

ಯೋಗೀಶ


ಹರಿಹರ
11 ಜನವರಿ 2004

ಯೋಗಿ,

ಯಶವಂತ್ ಬಂದಿದ್ರು. ಒಳ್ಳೆ ಮನುಷ್ಯ. ಅತ್ತೆ ಕೈಯಡಿಗೆ ಹೊಗಳಿ ಹೊಗಳಿ ನಾಲ್ಕು ರೊಟ್ಟಿ ಜಾಸ್ತಿ ತಿಂದ್ರು.

ಮೊದಲನೇ ಡಿಸ್ಕ್ ಪೂರ್ತಿ ನೋಡ್ದೆ. ಓಡಿಸ್ಲಿಲ್ಲ. ಕೆಟ್ಟದಾಗೇ ಇದೆ, ನೀನು ಹೇಳಿದ್ದು ಸುಳ್ಳಲ್ಲ. ಆದ್ರೆ ಆ ನೀಲಿ ಅಂಗಿಯವನು ಅದರಲ್ಲಿ ಬರ್ತಾನೆ, ನೀನು ಗಮನಿಸಿಲ್ಲ. ಅವನು ಬಾತುಕೋಳಿ ಸಾಕೋನು. ಹೀರೋ ಜ್ವರ ಬಂದು ದಾರೀಲಿ ಬಿದ್ದಿರ್ತಾನೆ, ಇವನೇ ಎತ್ಕೊಂಡು ಹೋಗಿ ಎರಡು ದಿನ ಗಂಜಿ ಕುಡಿಸ್ತಾನೆ. ಅವನಿಗೊಬ್ಬಳು ಸಣ್ಣ ಮಗಳು, ಹಲ್ಲು ಬಿದ್ದಿದೆ. ಆ ಮಗಳನ್ನ ವಿಲನ್ ಹಿಡ್ಕೊಂಡು ಹೋಗ್ತಾನೆ. ಮಗಳು ಸಿಗ್ಬೇಕು ಅಂದ್ರೆ ಹೀರೋನ ತಡೀಬೇಕು, ಅದಕ್ಕೇ ನೀಲಿ ಅಂಗಿಯವನು ಸೇತುವೆ ಮೇಲೆ ಅಡ್ಡ ನಿಲ್ಲೋದು.

ಹೀರೋಗೆ ಅದು ನೆನಪೇ ಇಲ್ಲ. ಗಂಜಿ ಕುಡಿಸಿದೋನನ್ನ ಒದ್ದು ಮುಂದೆ ಹೋಗ್ತಾನೆ. ಪಿಚ್ಚರ್ ಮಾಡಿದೋನಿಗೂ ನೆನಪಿಲ್ಲ. ಅದಕ್ಕೇ ಅದು ಕೆಟ್ಟ ಪಿಚ್ಚರ್, ಗಂಟೆ ಕಳುವಾಗಿದ್ದಕ್ಕಲ್ಲ. ನೀನು ಮೊದ್ಲು ಕಳಿಸಿದ ಡಿಸ್ಕ್‌ನಲ್ಲಿ ಅವನು ಬರೀ ಬೀಳೋನು.

ಫೈಟ್ ಚೆನ್ನಾಗಿದ್ರೆ ಪಿಚ್ಚರ್ ಉಳಿಯುತ್ತಾ ಅಂತ ನೀವಿಬ್ರೂ ಜಗಳ ಆಡ್ತಿದ್ರಲ್ಲ. ನಂಗನ್ಸಿದ್ದು ಇಷ್ಟೇ. ಉಳಿಯಲ್ಲ. ಆದ್ರೆ ಆ ಫೈಟ್ ಅಷ್ಟು ಚೆನ್ನಾಗಿರ್ಲಿಲ್ಲ ಅಂದ್ರೆ, ಬಿದ್ದೋನು ಯಾರು ಅಂತ ನಾನು ಕೇಳ್ತಾನೂ ಇರ್ಲಿಲ್ಲ.

ಇಪ್ಪತ್ಮೂರು ಒದೆತ, ಇಪ್ಪತ್ತೆರಡು ತಟ್ಟು ಅಂತ ಬರೆದಿದ್ದೆ. ನಾನೂ ಎಣಿಸ್ದೆ. ಲೆಕ್ಕ ಸರಿಯಾಗಿದೆ.

ಮಹಂತೇಶ


ಮುನಿರ್ಕಾ
25 ಜನವರಿ 2004

ಮಹಂತೇಶ,

ಯಶವಂತ್ ನಿನ್ನೆ ಅಂಗಡಿಗೆ ಬಂದ. ಬಂದೋನೇ ಡಿಸ್ಕ್ ಕೇಳ್ಲಿಲ್ಲ, ಸ್ಟೂಲ್ ಎಳ್ಕೊಂಡು ಕೂತ. "ನಿಮ್ಮ ಫ್ರೆಂಡು ಬಾಗಿಲ ತನಕ ನನ್ನ ಕಳಿಸಕ್ಕೆ ಬಂದ್ರು. ಎರಡು ಮೆಟ್ಟಿಲು ಇಳಿಯೋಕೆ ಗೋಡೆ ಹಿಡ್ಕೊಂಡ್ರು. ನೀವು ಅದನ್ನ ನಂಗೆ ಹೇಳಿರ್ಲಿಲ್ಲ" ಅಂದ. ನಂಗೇ ಗೊತ್ತಿರ್ಲಿಲ್ಲ ಅಂದೆ. "ಕೇಳಿದ್ರಾ?" ಅಂದ.

ಆಮೇಲೆ ಎಲ್ಲಾ ಹೇಳ್ದ. ಲೀಲಾವತಿ ಅತ್ತೆ ಅವನಿಗೆ ಹೇಳಿದ್ದಂತೆ. ಮಾಸ್ಟರ್ ನಿಂಗೆ ಮಕ್ಕಳ ಬ್ಯಾಚ್ ಕೊಟ್ಟಿಲ್ಲ. ನೀನು ಕೇಳಿದೀಯ, ಎರಡು ಸಲ. ಬೀಳೋದು ಹೇಳ್ಕೊಡಕ್ಕೆ ಮಂಡಿ ಬೇಕಾಗಿಲ್ಲ ಸಾರ್ ಅಂತ ಬೇಡ್ಕೊಂಡಿದೀಯ. "ತಯಾರಿಲ್ದೆ ಸುಳ್ಳು ತಟ್ಟಿದೋನು ನೀನು. ಮಕ್ಕಳಿಗೂ ಅದನ್ನೇ ಕಲಿಸ್ತೀಯ. ನಾಳೆ ಒಂದು ಮಗು ಮಂಡಿ ಮುರ್ಕೊಂಡ್ರೆ ಯಾರು ಜವಾಬ್ದಾರಿ" ಅಂದ್ರಂತೆ.

ಅದೇ ಮಾಸ್ಟರ್ ಹತ್ರ ನನ್ನ ಕಾಗದ ಬರೆಸಕ್ಕೆ ನಿನ್ನ ಕಳಿಸ್ದೆ. ಮೂರು ಸಲ ಹೋದೆ. ಜೊತೆಗಾರ ತಟ್ಟೋ ತನಕ ಇವನ ಕಾಲು ಏಳಲ್ಲ ಅಂತ ಅವರು ಜೋರಾಗಿ ಓದ್ದಾಗ ನೀನು ಅಲ್ಲೇ ಕೂತಿದ್ದೆ. ಯಾಕೋ ಸುಮ್ನಿದ್ದೆ? ಒಂದು ಸಾಲು ನಂಗೆ ಬರೀಬಾರ್ದಿತ್ತಾ?

ಇಲ್ಲ. ನಿನ್ನ ಬೈತಿದೀನಿ, ನೋಡು. ಇನ್ನೊಂದ್ಸಲ ಶುರು ಮಾಡ್ತೀನಿ.

ನೀನು ತಟ್ಟಿರ್ಲಿಲ್ಲ. ನಂಗೆ ಗೊತ್ತು. ಅವತ್ತೇ ಗೊತ್ತಿತ್ತು. ಬೆಂಗಳೂರಿಂದ ಬಂದಿದ್ದ ಫೈಟ್ ಮಾಸ್ಟರ್ ಮುಂದಿನ ಸಾಲಲ್ಲಿ ಕೂತಿದ್ರು, ಒಬ್ಬನ್ನ ಸಿನಿಮಾಗೆ ಆರಿಸ್ತಾರೆ ಅಂತ ಎಲ್ಲಾ ಹೇಳಿದ್ರು. ನಮ್ಮ ಸರದಿ ಬರೋ ಹೊತ್ತಿಗೆ ಅವರು ವಾಚ್ ನೋಡ್ಕೊಂಡ್ರು. ಪಕ್ಕದವನ ಹತ್ರ ಏನೋ ಹೇಳಿ ಕುರ್ಚಿ ಹಿಂದಕ್ಕೆ ತಳ್ಳಿದ್ರು. ಎದ್ದು ಹೋಗ್ತಾರೆ ಅನ್ನಿಸ್ತು. ನೀನು ಬೆಲ್ಟ್ ಗಂಟು ಬಿಗಿ ಮಾಡ್ಕೊಳ್ತಿದ್ದೆ, ತಲೆ ತಗ್ಗಿಸಿದ್ದೆ. ನಾನು ಕಾಯಲಿಲ್ಲ. ನೀನು ಸ್ಟೇಜ್ ಅಂಚಿಂದ ಆ ಕಡೆ ಹೋದೆ. ಮಂಡಿ ತಿರುಗಿದ ಸದ್ದು ನಂಗೆ ಕೇಳಿಸ್ತು.

ಎಲ್ಲಾ ಓಡಿ ಬಂದಾಗ ನೀನು ನೆಲದ ಮೇಲೆ ಮಲಗಿದ್ದೋನು, "ತಟ್ಟಿದ್ದೆ ಸಾರ್, ನಾನೇ ಅಲ್ಲಾಡಿದ್ದು" ಅಂದೆ. ನಂಗೋಸ್ಕರ ಅಂದೆ, ಫೈಟ್ ಮಾಸ್ಟರ್ ಇನ್ನೂ ಅಲ್ಲೇ ಇದ್ರು ಅಂತ. ನಾನು ಬಾಯಿ ಮುಚ್ಕೊಂಡೆ. ಅವರು ಯಾರನ್ನೂ ಆರಿಸ್ದೆ ಕಾರು ಹತ್ತಿ ಹೋದ್ರು. ಆಮೇಲಾದ್ರೂ ಬಾಯಿ ಬಿಡಬಹುದಿತ್ತು. ದೆಹಲಿ ಟ್ರೈನ್ ಹತ್ತಿದೆ. ಬರ್ತಾ ಬರ್ತಾ ನೀನು ಹೇಳಿದ್ದೇ ನಿಜ ಅಂತ ನಾನೇ ನಂಬಕ್ಕೆ ಶುರು ಮಾಡ್ದೆ.

ಮಾಸ್ಟರ್‌ಗೆ ಬರೆದ್ರೆ ಸರೋಜಿನಿ ನಗರದ್ದು ಹೋಗುತ್ತೆ. ಅವರ ಕಾಗದದ ಮೇಲೇ ನಿಂತಿದೆ ಅದು. ಮಾರ್ಚ್ ಒಂದಕ್ಕೆ ಇಪ್ಪತ್ತು ಮಕ್ಕಳು ಹೆಸರು ಕೊಟ್ಟಿದಾರೆ. ನಾನು ಒಳ್ಳೆಯವನಾಗೇ ಹೇಳ್ಕೊಡ್ತೀನಿ ಮಹಂತೇಶ, ಇನ್ನು ಜನ್ಮದಲ್ಲಿ ಕಾಯದೆ ಕಾಲೆತ್ತಲ್ಲ. ಅದಕ್ಕೆ ಬೆಲೆ ಇಲ್ವಾ?

ಏನ್ ಮಾಡ್ಲಿ ಹೇಳು. ನೀನು ಹೇಳ್ದಂಗೆ ಮಾಡ್ತೀನಿ.

ಯೋಗೀಶ


ಹರಿಹರ
9 ಫೆಬ್ರವರಿ 2004

ಯೋಗೀಶ,

ನಾನು ಹೇಳಲ್ಲ.

ಬರಿ ಅಂದ್ರೆ, ನಾನು ಕೇಳಿದ್ದಕ್ಕೆ ಬರೆದೆ ಅಂತೀಯ. ಬೇಡ ಅಂದ್ರೆ, ನಾನು ಬೇಡ ಅಂದಿದ್ದಕ್ಕೆ ಬಿಟ್ಟೆ ಅಂತೀಯ. ಎರಡರಲ್ಲೂ ಮತ್ತೆ ಬೀಳೋನು ನಾನೇ.

ಅವತ್ತು ಸುಳ್ಳು ಹೇಳು ಅಂತ ನೀನು ಕೇಳಿರ್ಲಿಲ್ಲ. ನಾನೇ ಹೇಳ್ದೆ. ಅದು ನನ್ನ ತಪ್ಪು, ಅದನ್ನ ನಾನು ಹೊರ್ತೀನಿ. ಈಗ ನಾನೇ ಹೋಗಿ, ತಟ್ಟಿರ್ಲಿಲ್ಲ ಸಾರ್ ಅಂದ್ರೆ, ಬ್ಯಾಚಿಗೋಸ್ಕರ ಮಾತು ತಿರುಗಿಸ್ತಾನೆ ಅಂತಾರೆ. ಅದನ್ನ ನೋಡಿದೋರು ಇಬ್ಬರೇ. ಒಬ್ಬನ ಮಾತಿಗೆ ಬೆಲೆ ಹೋಗಿದೆ.

ಒಂದು ವರ್ಷ ಮಂಡಿ ನೋವಾಗಿದ್ದಕ್ಕೆ ಅತ್ತಿಲ್ಲ. ಸಾಯಂಕಾಲ ಕಾಜಾ ಹಾಕ್ತಾ ಕೂತಿರ್ತೀನಿ, ಅಂಗಡಿ ಎದುರಿಗೇ ಮಕ್ಕಳು ಬಿಳಿ ಡ್ರೆಸ್ ಹಾಕ್ಕೊಂಡು ಕ್ಲಾಸಿಗೆ ಹೋಗ್ತವೆ. ಆವಾಗ ತಲೆ ಎತ್ತಲ್ಲ. ಅಷ್ಟೇ.

ಇಷ್ಟು ಬರೆಯೋಕೂ ಇಷ್ಟ ಇರ್ಲಿಲ್ಲ.

ಮಹಂತೇಶ


ಮುನಿರ್ಕಾ, ದೆಹಲಿ
20 ಫೆಬ್ರವರಿ 2004

ಕೇಶವಮೂರ್ತಿ ಮಾಸ್ಟರ್‌ಗೆ ಯೋಗೀಶನ ನಮಸ್ಕಾರ.

ಸಾರ್, ನೀವು ನನಗೆ ಬರೆದುಕೊಟ್ಟ ಕಾಗದ ಇದರ ಜೊತೆ ವಾಪಸ್ ಕಳಿಸಿದೀನಿ. ಅದರಲ್ಲಿ ಮೂರನೇ ಸಾಲು ಸುಳ್ಳು. ನೀವು ಸುಳ್ಳು ಬರೆದಿಲ್ಲ, ನಾನು ನಿಮ್ಮ ಕೈಲಿ ಬರೆಸಿದೀನಿ.

ಹೋದ ವರ್ಷ ಫೆಬ್ರವರಿ ಡೆಮೋದಲ್ಲಿ ಮಹಂತೇಶ ಕಾಲು ತಟ್ಟಿರಲಿಲ್ಲ. ಬೆಲ್ಟ್ ಕಟ್ಟಿಕೊಳ್ತಿದ್ದ. ಅವನು ತಯಾರಿಲ್ಲ ಅಂತ ನನಗೆ ಕಾಣ್ತಿತ್ತು. ಫೈಟ್ ಮಾಸ್ಟರ್ ಎದ್ದು ಹೋಗ್ತಾರೆ ಅನ್ನೋ ಆತುರಕ್ಕೆ ನಾನು ಒದ್ದೆ. ತಟ್ಟಿದ್ದೆ ಅಂತ ಅವನು ಹೇಳಿದ್ದು ನನ್ನ ಉಳಿಸಕ್ಕೆ. ಆರು ವರ್ಷದಲ್ಲಿ ಅವನು ಒಂದು ಸಲಾನೂ ಸುಳ್ಳು ತಟ್ಟಿಲ್ಲ ಸಾರ್. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಅವನ ತಟ್ಟು ನಂಬಿಕೊಂಡೇ ನಾನು ಒದೀತಿದ್ದೆ.

ಈ ಕಾಗದ ಬರಿ ಅಂತ ಅವನು ನನಗೆ ಹೇಳಿಲ್ಲ. ನಾನು ಕೇಳ್ದೆ, ಅವನು ಹೇಳಲ್ಲ ಅಂದ.

ಇಲ್ಲಿ ಸೆಕ್ರೆಟರಿಯವರಿಗೂ ವಿಷಯ ಹೇಳಿದೀನಿ. ಅವರು ಬೇರೆಯವರನ್ನ ನೋಡ್ತಾರಂತೆ. ನನ್ನ ಬಗ್ಗೆ ನೀವು ಏನು ಮಾಡಿದ್ರೂ ಸರಿ. ಮಕ್ಕಳ ಬ್ಯಾಚ್ ಬಗ್ಗೆ ಇನ್ನೊಂದು ಸಲ ಯೋಚನೆ ಮಾಡಿ.

ಯೋಗೀಶ


ಮುನಿರ್ಕಾ
2 ಮಾರ್ಚ್ 2004

ಮಹಂತೇಶ,

ಮಾಸ್ಟರ್‌ಗೆ ಬರೆದು ಹಾಕಿದೀನಿ. ನಿನಗೆ ಹೇಳ್ಬೇಕು ಅಂತ ಅಲ್ಲ, ನಿನ್ನ ಹತ್ರ ಬಂದು ಏನಾದ್ರೂ ಕೇಳಿದ್ರೆ ನಿಂಗೆ ಗೊತ್ತಿರ್ಲಿ ಅಂತ.

ಮಾವ ಮೂರು ದಿನ ಮಾತಾಡ್ಲಿಲ್ಲ, ಟ್ರೂ ಕಾಪಿ ಅಂತ ಸೈನ್ ಹಾಕಿದ್ರಲ್ಲ. ನಾಲ್ಕನೇ ದಿನ, "ಊಟಕ್ಕೆ ಬಾ" ಅಂತ ಫೋನ್ ಮಾಡಿದ್ರು. ನಿನ್ನೆ ಒಂದನೇ ತಾರೀಕು. ಬಸ್ಸಲ್ಲಿ ಸರೋಜಿನಿ ನಗರ ದಾಟ್ಕೊಂಡೇ ಹೋದೆ. ಹಾಲ್ ಬಾಗಿಲು ತೆಗೆದಿತ್ತು. ಒಳಗೆ ನೋಡ್ಲಿಲ್ಲ.

ಅಂಗಡೀಲಿ ಈಗ ಎರಡೂ ಡಿಸ್ಕ್ ಒಟ್ಟಿಗೇ ಕೊಡ್ತೀನಿ. "ಪೆಹಲಾ ನಹೀ ಚಾಹಿಯೇ ಭಯ್ಯಾ" ಅಂತಾರೆ. ಇಟ್ಕೊಳ್ಳಿ ಅಂತೀನಿ. ಓನರ್ ಬೈತಾನೆ.

ಮೇ ತಿಂಗಳಲ್ಲಿ ಎಂಟು ದಿನ ರಜಾ ಸಿಗುತ್ತೆ. ಊರಿಗೆ ಬರ್ಲಾ? ನಿನ್ನ ನೋಡ್ಬೇಕು.

ಯೋಗೀಶ


ಹರಿಹರ
28 ಮಾರ್ಚ್ 2004

ಯೋಗಿ,

ಮಾಸ್ಟರ್ ನಿನ್ನ ಕಾಗದ ಮೂರು ದಿನ ಜೇಬಲ್ಲಿಟ್ಕೊಂಡು ಓಡಾಡಿದ್ರು ಅನ್ಸುತ್ತೆ, ಮಡಿಕೆ ಬೆವರಿಗೆ ನೆಂದಿತ್ತು. ನಾಲ್ಕನೇ ದಿನ ನಮ್ಮ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿದ್ರು. ದೇವೇಂದ್ರಪ್ಪನವರು ಅಳತೆ ಟೇಪ್ ಹಿಡ್ಕೊಂಡು ಎದ್ರು. "ಅಂಗಿಗಲ್ಲ, ಇವನ ಹತ್ರ ಬಂದೆ" ಅಂದ್ರು.

"ತಟ್ಟಿರ್ಲಿಲ್ವೇನೋ?"

"ಇಲ್ಲ ಸಾರ್."

"ಒಂದು ವರ್ಷ ನನಗೆ ಸುಳ್ಳು ಹೇಳ್ದೆ."

"ಹೌದು ಸಾರ್."

"ಅದಕ್ಕೆ ಶಿಕ್ಷೆ ಇದೆ. ಸೋಮವಾರದಿಂದ ಸಣ್ಣ ಮಕ್ಕಳ ಬ್ಯಾಚು ನಿಂದು. ಬೆಳಿಗ್ಗೆ ಐದೂವರೆ. ಒಂದು ನಿಮಿಷ ಲೇಟಾದ್ರೆ ಮೈದಾನ ಸುತ್ತಿಸ್ತೀನಿ, ಮಂಡಿ ಗಿಂಡಿ ಕೇಳಲ್ಲ." ಸೈಕಲ್ ಹತ್ತಕ್ಕೆ ಹೋಗಿ ಎರಡು ಸಲ ಪೆಡಲ್ ತಪ್ಪಿಸಿದ್ರು. ಕಣ್ಣೊರೆಸ್ಕೊಂಡಿದ್ದು ನಾನು ನೋಡಿಲ್ಲ ಅಂತ ತಿಳ್ಕೊಂಡಿದಾರೆ.

ಕ್ಲಾಸ್ ಗೋಡೆ ಮೇಲೆ ಕಲಿತವರ ಹೆಸರಿನ ಬೋರ್ಡ್ ಇದೆಯಲ್ಲ, ನಿನ್ನ ಹೆಸರು ಅಳಿಸಿದಾರೆ. ನಿಂಗೆ ಗೊತ್ತಿರ್ಲಿ ಅಂತ ಬರೀತಿದೀನಿ. ನಾನು ಬೇಡ ಅನ್ನಲಿಲ್ಲ.

ಮೊದಲ ದಿನ ಹದಿನಾಲ್ಕು ಮಕ್ಕಳು. ಒದೆಯೋದು ಹೇಳ್ಕೊಡ್ಲಿಲ್ಲ. ತಟ್ಟೋದು, ಬೀಳೋದು, ಅಷ್ಟೇ. ಧಾರಿಣಿ ಅಂತ ಒಬ್ಬಳು, ಏಳು ವರ್ಷ, ಎಲ್ಲದಕ್ಕೂ ಪ್ರಶ್ನೆ.

"ಸಾರ್, ಅವ್ನು ತಟ್ಟದೇ ಇದ್ರೆ?"

"ಎದುರಿಗಿರೋನು ಕಾಯಬೇಕು."

"ಎಷ್ಟೊತ್ತು?"

"ತಟ್ಟೋ ತನಕ."

"ತಟ್ಟದೇನೇ ಇದ್ರೆ?"

"ಆಗ್ಲೂ ಕಾಯಬೇಕು" ಅಂದೆ. "ಅದೇನ್ ಆಟ ಸಾರ್" ಅಂತ ಮೂತಿ ಉಬ್ಬಿಸಿದ್ಲು.

ಎರಡೂ ಡಿಸ್ಕ್ ಪ್ಯಾಕ್ ಮಾಡಿ ಇದರ ಜೊತೆ ಕಳಿಸಿದೀನಿ. ಒಂದೇ ಕವರಲ್ಲಿ ಇಡು.

ನೀನು ಬರೆದಿದ್ದು ಸರಿಯಾಯ್ತು. ನಿನ್ನ ಕೆಲ್ಸ ಹೋಗಿದ್ದಕ್ಕೆ ಬೇಜಾರಾಯ್ತು, ಅದು ಸುಳ್ಳಲ್ಲ. ಆದ್ರೆ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡ್ಕೋತೀನಲ್ಲ, ಆವಾಗ ನಿನ್ನ ಮುಖ ನೆನಪಾಗುತ್ತೆ. ಅದು ಇನ್ನೂ ಹೋಗಿಲ್ಲ.

ಮೇ ತಿಂಗಳಲ್ಲಿ ಬರ್ಲಾ ಅಂತ ಕೇಳಿದೀಯ.

ನಾನಿನ್ನೂ ಕಾಲು ತಟ್ಟಿಲ್ಲ ಯೋಗಿ. ಕಾಯ್ತಿರು.

ಮಹಂತೇಶ